ರಾಣಿವಾಸದ ಹೆಸರುಗಳ ಜಾಡಿನಲ್ಲಿ: ಮೈಸೂರಿನ ಒಂದು ಪಾರಂಪರಿಕ ನಡಿಗೆಯ ವಿಮರ್ಶೆ

ಮೈಸೂರಿನಲ್ಲಿ ಪಾರಂಪರಿಕ ನಡಿಗೆಗಳಿಗೆ ಈಗ ಬರವಿಲ್ಲ. ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ ಎಂದು ಸುತ್ತಿಸಿ, ಕೊನೆಗೆ ಮೈಸೂರು ಪಾಕಿನ ಅಂಗಡಿಯ ಮುಂದೆ ಬಿಟ್ಟು ಹೋಗುವ ತಂಡಗಳು ಸಾಕಷ್ಟಿವೆ. ಅವುಗಳ ನಡುವೆ ಪುಟ್ಟ ತಂಡವೊಂದು, ಒಡೆಯರ ಮನೆತನದಲ್ಲಿ ಗಂಡನನ್ನು ಕಳೆದುಕೊಂಡ ಮಹಾರಾಣಿಯರನ್ನೂ ಪಟ್ಟಕ್ಕೆ ಬಂದ ಅರಸರ ತಾಯಂದಿರನ್ನೂ ಮಾತ್ರ ವಿಷಯವಾಗಿಟ್ಟುಕೊಂಡು, ಅವರನ್ನು ರಾಜ್ಯವು ಯಾವ ಹೆಸರಿನಿಂದ, ಯಾವ ಬಿರುದಿನಿಂದ ಗುರುತಿಸುತ್ತಿತ್ತು ಎಂಬ ಒಂದೇ ಎಳೆಯನ್ನು ಹಿಡಿದು ಅರ್ಧ ದಿನದ ಪ್ರವಾಸವನ್ನು ನಡೆಸುತ್ತಿದೆ. ವಿಷಯ ಇಷ್ಟು ಕಿರಿದಾಗಿರುವುದೇ ನನ್ನನ್ನು ಸೆಳೆಯಿತು. ಅವರು ಕೊಡುವ ಕೈಪಿಡಿಯ ಬಗ್ಗೆ ಮುಂದೆ ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿರುವುದರಿಂದ ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂತಹ ನಡಿಗೆಗೆ ಹಣ ಕೊಟ್ಟು ಹೋಗುವವರು ಏನನ್ನು ನೋಡಬೇಕು, ಮಾರ್ಗದರ್ಶಕರನ್ನು ಏನು ಕೇಳಬೇಕು ಎಂಬುದಕ್ಕೆ ಈ ಬರಹ ಒದಗಿದರೆ ಸಾಕು.

ಒಬ್ಬರಿಗೆ 750 ರೂಪಾಯಿ ಶುಲ್ಕ. ಅದರಲ್ಲಿ ಮಾರ್ಗದರ್ಶನ, ಕೈಪಿಡಿ, ಬೆಟ್ಟಕ್ಕೆ ಹೋಗಿಬರುವ ವ್ಯಾನು ಮತ್ತು ಬೆಳಗಿನ ತಿಂಡಿ ಸೇರಿವೆ. ಬೆಳಿಗ್ಗೆ ಆರೂವರೆಗೆ ಜಗನ್ಮೋಹನ ಅರಮನೆಯ ಮುಂದೆ ಸೇರಬೇಕು. ಅಲ್ಲಿಂದ ಕಾಲ್ನಡಿಗೆಯಲ್ಲಿ ಕೋಟೆಯ ಕಡೆಗೆ ಹೋಗಿ, ಹಳೆಯ ಬಡಾವಣೆಗಳ ಕೆಲವು ರಸ್ತೆಗಳನ್ನು ಹಾದು, ಕೊನೆಗೆ ವ್ಯಾನಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಮುಗಿಸುತ್ತಾರೆ. ನಮ್ಮ ಗುಂಪನ್ನು ನಡೆಸಿಕೊಂಡು ಹೋದವರು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ಯುವತಿ. ದನಿ ಎತ್ತರಿಸದೆ, ಆದರೆ ಕೊನೆಯ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಮಾತನಾಡುವ ಅವರ ರೀತಿ ಚೆನ್ನಾಗಿತ್ತು. ಯಾವುದೇ ಬಿರುದನ್ನು ಉಚ್ಚರಿಸಿದ ಕೂಡಲೇ ಅದನ್ನು ಕೊಟ್ಟವರು ಯಾರು, ಅದು ಯಾವಾಗಿನಿಂದ ಯಾವಾಗಿನವರೆಗೆ ನಡೆಯಿತು ಎಂಬುದನ್ನು ಅವರು ತಪ್ಪದೆ ಹೇಳುತ್ತಿದ್ದರು. ಈ ಪ್ರವಾಸದ ಬೆಲೆ ಇರುವುದೆಲ್ಲ ಆ ಶಿಸ್ತಿನಲ್ಲಿಯೇ ಎಂದು ನನ್ನ ಅಭಿಪ್ರಾಯ.

ಜಗನ್ಮೋಹನ ಅರಮನೆಯಿಂದ ಆರಂಭಿಸಿರುವುದು ಸರಿಯಾದ ಆಯ್ಕೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಕಟ್ಟಡವು, 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಕೋಟೆಯೊಳಗಿನ ಹಳೆಯ ಅರಮನೆಗೆ ಬೆಂಕಿ ಬಿದ್ದ ಮೇಲೆ, ಹೊಸ ಅರಮನೆ 1912ರಲ್ಲಿ ಸಿದ್ಧವಾಗುವವರೆಗೆ ರಾಜಮನೆತನಕ್ಕೆ ನೆಲೆಯಾಗಿತ್ತು. ಅಷ್ಟರಲ್ಲಾಗಲೇ ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡಿದ್ದರು. ಆಗ ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಬಾಲಕನಿಗೆ 1895ರ ಫೆಬ್ರವರಿ 1ರಂದು ಪಟ್ಟವಾಯಿತು. ಆಡಳಿತವು ತಾಯಿ ಕೆಂಪನಂಜಮ್ಮಣ್ಣಿಯವರ ಕೈಗೆ ಬಂದಿತು. ಬೆಂಕಿಯಲ್ಲಿ ಅರಮನೆ ಹೋದಾಗ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಹೊಸದನ್ನು ಕಟ್ಟಲು ಹೇಳಿದವರೂ ಅವರೇ. 1902ರ ಆಗಸ್ಟ್ 8ರಂದು ಇದೇ ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪೂರ್ಣಾಧಿಕಾರವನ್ನು ವಹಿಸಿಕೊಟ್ಟರು. ತಾಯಿಯ ರಾಜಪ್ರತಿನಿಧಿತ್ವ ಅಂದಿಗೆ ಮುಗಿಯಿತು.

ಇಲ್ಲಿ ಮಾರ್ಗದರ್ಶಕಿ ಒಂದು ಸೂಕ್ಷ್ಮವನ್ನು ಬಿಡಿಸಿ ತೋರಿಸಿದರು. ಕೆಂಪನಂಜಮ್ಮಣ್ಣಿಯವರ ಹೆಸರಿನ ಸುತ್ತ ಮೂರು ಬಗೆಯ ಗೌರವಗಳು ಸೇರಿಕೊಂಡಿವೆ. ಮೊದಲನೆಯದು ಮಹಾರಾಣಿ ರೀಜೆಂಟ್ ಎಂಬ ಪದವಿ. ಅದಕ್ಕೆ ಆರಂಭದ ದಿನವೂ ಉಂಟು, ಮುಗಿದ ದಿನವೂ ಉಂಟು. ಅದರ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರಿದ್ದ ಆಡಳಿತ ಮಂಡಲಿಯೂ, ಅದಕ್ಕೆ ಒಪ್ಪಿಗೆ ಕೊಟ್ಟ ಭಾರತ ಸರ್ಕಾರವೂ ಇದ್ದವು. ಎರಡನೆಯದು ಸಿ.ಐ. ಎಂಬ ಎರಡಕ್ಷರ, ಅಂದರೆ ಸ್ತ್ರೀಯರಿಗೆಂದೇ 1878ರಲ್ಲಿ ಸ್ಥಾಪನೆಯಾದ ಕ್ರೌನ್ ಆಫ್ ಇಂಡಿಯಾ ಗೌರವ. ಅದು ಲಂಡನ್ನಿನ ಸಿಂಹಾಸನದಿಂದ ಬಂದದ್ದು. ಮೂರನೆಯದು ವಾಣಿವಿಲಾಸ ಸನ್ನಿಧಾನ. ಇದನ್ನು ವೈಸರಾಯರೂ ಕೊಟ್ಟದ್ದಲ್ಲ, ರಾಣಿ ವಿಕ್ಟೋರಿಯಾ ಅವರೂ ಕೊಟ್ಟದ್ದಲ್ಲ. ಇದು ಮೈಸೂರು ಅರಮನೆಯ ಒಳಗಿನ ಸಂಪ್ರದಾಯದ ಹೆಸರು. ಮೊದಲನೆಯದು 1902ರಲ್ಲಿ ಕಳಚಿಬಿದ್ದರೂ ಮೂರನೆಯದು 1934ರಲ್ಲಿ ಅವರು ತೀರಿಕೊಳ್ಳುವವರೆಗೂ ಜೊತೆಗಿತ್ತು, ಆಮೇಲೆಯೂ ಊರಿನ ಬಾಯಲ್ಲಿ ಉಳಿಯಿತು. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆ ಜಲಾಶಯ ವಾಣಿವಿಲಾಸ ಸಾಗರವಾಯಿತು. ಬೆಂಗಳೂರಿನಲ್ಲಿ 1935ರಲ್ಲಿ ಆರಂಭವಾದ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ವಾಣಿವಿಲಾಸ ಆಸ್ಪತ್ರೆಯಾಯಿತು. ಬಸವನಗುಡಿಯಲ್ಲಿ ರಸ್ತೆ, ಮೈಸೂರಿನಲ್ಲಿ ಮೊಹಲ್ಲಾ ಮತ್ತು ಮಾರುಕಟ್ಟೆ. ಕೆಂಪನಂಜಮ್ಮಣ್ಣಿ ಎಂಬ ಹೆಸರು ಮಾತ್ರ ಇವುಗಳ ಫಲಕಗಳಲ್ಲಿ ಕಾಣುವುದಿಲ್ಲ.

ಗುಂಪಿನಲ್ಲಿ ಅಗ್ರಹಾರದ ಕಡೆಯ ವಯಸ್ಸಾದವರೊಬ್ಬರಿದ್ದರು. ಅವರು ನಡುವೆ ಬಾಯಿ ಹಾಕಿ, "ಅಲ್ಲಮ್ಮ, ನಮ್ಮನೆ ನೀರಿನ ಬಿಲ್ಲಿನ ಮೇಲೆ ವಾಣಿವಿಲಾಸ ಅಂತ ಬರುತ್ತಲ್ಲ, ಅದು ಇವರೇನಾ?" ಎಂದು ಕೇಳಿದರು.

"ಇವರೇ ಅಜ್ಜಿ. ವಾಣಿವಿಲಾಸ ನೀರು ಸರಬರಾಜು ಕೇಂದ್ರ ಅಂತ ಇರುತ್ತಲ್ಲ, ಆ ವಾಣಿವಿಲಾಸ ಇವರದೇ."

"ಮದುವೆಯಾಗಿ ಬಂದಾಗಿನಿಂದ ಆ ಬಿಲ್ಲು ಕಟ್ತಿದೀನಿ. ಅದು ಯಾವುದೋ ಕಟ್ಟಡದ ಹೆಸರು ಅಂದ್ಕೊಂಡಿದ್ದೆ."

ಹಾಗೆಂದುಕೊಂಡದ್ದರಲ್ಲಿ ಪೂರ್ತಿ ತಪ್ಪೂ ಇಲ್ಲವೆಂದು ಮಾರ್ಗದರ್ಶಕಿ ನಕ್ಕು ಹೇಳಿದರು. ವಿಲಾಸ, ತೊಟ್ಟಿ, ಸನ್ನಿಧಾನ ಎಂಬ ಮಾತುಗಳೆಲ್ಲ ಅರಮನೆಯ ವಾಸಸ್ಥಾನಗಳ ನೆನಪನ್ನು ಉಳಿಸಿಕೊಂಡಿರುವಂಥವು. ಮಹಾರಾಣಿಯ ಹೆಸರು ಹಿಡಿದು ಕರೆಯುವುದು ಸಲ್ಲದಿದ್ದ ಕಾಲದಲ್ಲಿ ಅವರು ಇಂತಹ ಸನ್ನಿಧಾನದವರು ಎಂದು ಹೇಳುವುದೇ ಮರ್ಯಾದೆಯಾಗಿತ್ತು. ಪ್ರವಾಸದ ಎರಡನೆಯ ಭಾಗದಲ್ಲಿ ರಾಮವಿಲಾಸ ರಸ್ತೆ, ಕೃಷ್ಣವಿಲಾಸ ರಸ್ತೆ, ಸೀತಾವಿಲಾಸ ರಸ್ತೆ ಎಂಬ ಹೆಸರುಗಳನ್ನು ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ಆ ಹೊತ್ತಿಗೆ ಅದು ಬರಿಯ ವಿಳಾಸಗಳ ಪಟ್ಟಿಯಂತೆ ತೋರುತ್ತದೆ, ಹೊಟ್ಟೆಯೂ ಹಸಿಯುತ್ತಿರುತ್ತದೆ. ನಡಿಗೆಯ ಈ ಭಾಗ ಸಪ್ಪೆ ಎಂದೇ ಹೇಳಬೇಕು: ರಸ್ತೆಗಳಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ, ಪಾದಚಾರಿ ಮಾರ್ಗದ ತುಂಬ ಸ್ಕೂಟರುಗಳು, ಮಾರ್ಗದರ್ಶಕಿಯ ಮಾತು ಬಸ್ಸಿನ ಹಾರನ್ನಿನಲ್ಲಿ ಅರ್ಧ ಮುಳುಗಿಹೋಯಿತು. ತಿಂಡಿಗೆ ಕೊಟ್ಟ ಇಡ್ಲಿ ಚಟ್ನಿ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚಿಗೆ ಹೇಳುವ ಅಗತ್ಯವಿಲ್ಲ.

ಬೆಟ್ಟದ ಮೇಲಿನ ಭಾಗವೇ ಈ ಪ್ರವಾಸದ ತಿರುಳು. ಚಾಮುಂಡೇಶ್ವರಿ ದೇವಾಲಯವನ್ನು 1827ರಲ್ಲಿ ಜೀರ್ಣೋದ್ಧಾರ ಮಾಡಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಗುಡಿಯ ಒಳಗೆ, ದೇವಿಯ ಎದುರು ಕೈಮುಗಿದು ನಿಂತ ಅವರ ಭಕ್ತವಿಗ್ರಹವಿದೆ. ಸುಮಾರು ಆರಡಿ ಎತ್ತರ, ಹೆಚ್ಚು ಕಡಿಮೆ ಆಳೆತ್ತರದ ಮೂರ್ತಿ. ಅವರ ಜೊತೆಗೆ ಮೂವರು ರಾಣಿಯರ ಮೂರ್ತಿಗಳೂ ಇವೆ. ಪೀಠಗಳ ಮೇಲೆ ಕೆತ್ತಿರುವ ಹೆಸರುಗಳು ರಾಮವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ. ದರ್ಶನದ ಸಾಲು ನಿಲ್ಲಗೊಡುವುದಿಲ್ಲ, ಒಳಗೆ ಬೆಳಕು ಕಡಿಮೆ, ಫೋಟೊ ತೆಗೆಯುವಂತಿಲ್ಲ. ಆದ್ದರಿಂದ ಮಾರ್ಗದರ್ಶಕಿ ವ್ಯಾನಿನಲ್ಲಿಯೇ ಕಾಗದದ ಮೇಲೆ ಮೂರ್ತಿಗಳ ನಿಲುವನ್ನು ಗೆರೆ ಎಳೆದು ತೋರಿಸಿ, ಯಾವ ಕಡೆಗೆ ಕಣ್ಣು ಹಾಯಿಸಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದರು. ಎಷ್ಟೋ ಸಲ ಬೆಟ್ಟಕ್ಕೆ ಹೋದವರೂ ದೇವಿಯ ಮುಖವನ್ನು ಬಿಟ್ಟು ಬೇರೆ ಕಡೆ ನೋಡಿರುವುದಿಲ್ಲ. ಅಂದು ನಮ್ಮ ಗುಂಪಿನವರೆಲ್ಲ ಕೈಮುಗಿಯುತ್ತಲೇ ಪೀಠದ ಅಕ್ಷರಗಳನ್ನು ಹುಡುಕುತ್ತಿದ್ದರು.

ಹೊರಗೆ ಬಂದು ನೆರಳಿನಲ್ಲಿ ಕುಳಿತ ಮೇಲೆ ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಆ ಮೂರ್ತಿಗಳಲ್ಲಿ ರಾಣಿಯರು ಗಂಡನ ಜೊತೆಗೇ ನಿಂತಿರುವಾಗ ಅವರಿಗೆ ವಿಲಾಸದ ಹೆಸರಿರುವುದರಿಂದ ಏನು ತಿಳಿಯುತ್ತದೆ? ಈ ಹೆಸರು ವೈಧವ್ಯದಿಂದ ಬಂದದ್ದಲ್ಲ ಎಂಬುದು ತಿಳಿಯುತ್ತದೆ. ಗಂಡನು ಸಿಂಹಾಸನದ ಮೇಲಿರುವಾಗಲೇ ಇರುತ್ತಿದ್ದ ಹೆಸರು ಅದು. ಅದೇ ಸಂಪ್ರದಾಯದಲ್ಲಿ ಬಂದ ವಾಣಿವಿಲಾಸ ಎಂಬುದು ಮುಂದೆ ವಿಧವೆಯೊಬ್ಬರ ಜೊತೆಗೂ, ರಾಜಪ್ರತಿನಿಧಿಯ ಜೊತೆಗೂ, ಪ್ರಾಪ್ತವಯಸ್ಕ ಅರಸನ ತಾಯಿಯ ಜೊತೆಗೂ ಸಾಗಿತು. ಇಂಗ್ಲೆಂಡಿನಲ್ಲಿ ಹೀಗಲ್ಲ. ಅಲ್ಲಿ ಅರಸನು ತೀರಿಕೊಂಡರೆ ಆತನ ಪತ್ನಿಯ ಸ್ಥಾನಕ್ಕೆ ಬೇರೆಯೇ ವಿಶೇಷಣ ಬೇಕಾಗುತ್ತದೆ. 1952ರಲ್ಲಿ ಆರನೆಯ ಜಾರ್ಜ್ ತೀರಿಕೊಂಡಾಗ ಪತ್ನಿಯ ಹೆಸರೂ ಎಲಿಜಬೆತ್, ಪಟ್ಟಕ್ಕೆ ಬಂದ ಮಗಳ ಹೆಸರೂ ಎಲಿಜಬೆತ್. ಇಬ್ಬರು ಎಲಿಜಬೆತ್ ರಾಣಿಯರ ನಡುವೆ ಗೊಂದಲವಾಗದಂತೆ ಹಿರಿಯರು ಕ್ವೀನ್ ಮದರ್ ಎನ್ನಿಸಿಕೊಂಡರು, 2002ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಇದ್ದರು. ಅವರ ಅತ್ತೆ ಕ್ವೀನ್ ಮೇರಿಯವರೂ ಇಬ್ಬರು ಅರಸರ ತಾಯಿ. ಆದರೆ ಅವರು ಕ್ವೀನ್ ಮೇರಿಯಾಗಿಯೇ ಉಳಿದರು. ಮೈಸೂರಿನಲ್ಲಿ ಸನ್ನಿಧಾನದ ಹೆಸರು ಬೇರೆ ಬೇರೆಯಾಗಿದ್ದುದರಿಂದ ಒಂದೇ ಅರಮನೆಯಲ್ಲಿ ಎಷ್ಟು ಮಂದಿ ರಾಣಿಯರಿದ್ದರೂ ಯಾರು ಯಾರೆಂಬ ತೊಡಕು ಬರುತ್ತಿರಲಿಲ್ಲ. ಮುಮ್ಮಡಿಯವರ ರಾಣಿವಾಸದ ಗಾತ್ರವನ್ನು ನೋಡಿದರೆ ಈ ವ್ಯವಸ್ಥೆಯ ಉಪಯೋಗ ಚೆನ್ನಾಗಿಯೇ ಅರ್ಥವಾಗುತ್ತದೆ.

ಹೀಗೆ ಬಾಯಿಮಾತಿನಲ್ಲಿ ಇಷ್ಟು ಎಚ್ಚರಿಕೆ ತೋರುವ ತಂಡ, ಕೈಗೆ ಕೊಡುವ ಪುಸ್ತಿಕೆಯಲ್ಲಿ ಅದನ್ನೆಲ್ಲ ಗಾಳಿಗೆ ತೂರಿರುವುದು ಆಶ್ಚರ್ಯ. ಅಚ್ಚು ಅಂದವಾಗಿದೆ, ಕಾಗದ ಒಳ್ಳೆಯದು, ಹಳೆಯ ಛಾಯಾಚಿತ್ರಗಳೂ ಸ್ಪಷ್ಟವಾಗಿವೆ. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಂದವರೆಲ್ಲರೂ ರಾಜಮಾತೆಯರೇ: ರಾಜಮಾತೆ ಲಕ್ಷ್ಮಮ್ಮಣ್ಣಿ, ರಾಜಮಾತೆ ವಾಣಿವಿಲಾಸ, ರಾಜಮಾತೆ ಪ್ರತಾಪಕುಮಾರಿ. ನಡುವೆ ಕೆಳದಿಯ ಚೆನ್ನಮ್ಮನವರಿಗೂ ಅರ್ಧ ಪುಟ ಮೀಸಲು. ಚೆನ್ನಮ್ಮನವರು ಗಂಡನ ನಂತರ 1671ರಿಂದ ಕಾಲು ಶತಮಾನ ತಾವೇ ರಾಜ್ಯವಾಳಿದವರು. ಅವರನ್ನು ಮತ್ತೊಬ್ಬರ ತಾಯಿಯೆಂದು ಪರಿಚಯಿಸುವುದು ಹೆಚ್ಚಿಸಿದಂತಲ್ಲ, ಇಳಿಸಿದಂತೆ. ಮೈಸೂರಿನ ನಡಿಗೆಯ ಕೈಪಿಡಿಯಲ್ಲಿ ಅವರಿಗೆ ಏನು ಕೆಲಸ ಎಂಬುದು ಬೇರೆಯೇ ಪ್ರಶ್ನೆ.

ಲಕ್ಷ್ಮಮ್ಮಣ್ಣಿಯವರ ವಿಷಯದಲ್ಲಿ ಆಗಿರುವ ಅನ್ಯಾಯ ಇನ್ನೂ ಸ್ವಲ್ಪ ಸೂಕ್ಷ್ಮವಾದದ್ದು. ಅವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1766ರಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ, ಅಧಿಕಾರವೆಲ್ಲ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿದ್ದ ವರ್ಷಗಳುದ್ದಕ್ಕೂ, ತಿರುಮಲರಾಯರಂತಹ ಪ್ರಧಾನರ ಮೂಲಕ ಇಂಗ್ಲಿಷರ ಜೊತೆ ಮಾತುಕತೆ ನಡೆಸುತ್ತಲೇ ಬಂದವರು. 1782ರಲ್ಲಿಯೇ ಒಂದು ಒಪ್ಪಂದವೂ ಆಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿಯವರನ್ನು ಪಟ್ಟಕ್ಕೆ ತರುವ ನಿರ್ಧಾರವಾದಾಗ, ಲಕ್ಷ್ಮಮ್ಮಣ್ಣಿ ಮತ್ತು ದೇವಾಜಮ್ಮಣ್ಣಿ ಇಬ್ಬರೂ ಸೇರಿ ಜೂನ್ 24ರಂದು ಇಂಗ್ಲಿಷ್ ಕಮಿಷನರುಗಳಿಗೆ ಬರೆದ ಕಾಗದ ಉಳಿದುಬಂದಿದೆ. ನಮ್ಮ ಮಗುವಿಗೆ ರಾಜ್ಯವನ್ನು ಕೊಟ್ಟು ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದ್ದಕ್ಕೆ ಸಂತೋಷವಾಯಿತು, ನಮ್ಮ ಆಡಳಿತ ಹೋಗಿ ನಲವತ್ತು ವರ್ಷಗಳಾದವು ಎಂಬ ತಾತ್ಪರ್ಯ ಅದರಲ್ಲಿದೆ. ಆ ಮಗು ಅವರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಅವರ ಮಗನೂ ಅಲ್ಲ. ವಂಶದ ಲೆಕ್ಕದಲ್ಲಿ ಮೊಮ್ಮಗನ ಸ್ಥಾನದಲ್ಲಿದ್ದವನು. ಹಾಗಿದ್ದೂ ಆ ಕಾಗದಕ್ಕೆ ಬೆಲೆ ಬಂದದ್ದು, ಬರೆದವರು ಹಿಂದಿನ ಅರಸರ ಮನೆಯ ಹಿರಿಯ ಮಹಾರಾಣಿಯರಾಗಿದ್ದುದರಿಂದ. ಅಂದರೆ ಅವರ ಅಧಿಕಾರ ಬಂದದ್ದು ಗಂಡನಿಂದ, ಮಗನಿಂದಲ್ಲ. ಕೈಪಿಡಿಯು ರಾಜಮಾತೆ ಎಂದು ಬರೆದು ಈ ಸಂಬಂಧವನ್ನೇ ತಲೆಕೆಳಗು ಮಾಡಿದೆ. ಮಾರ್ಗದರ್ಶಕಿಯಾದರೋ ಅವರನ್ನು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಎಂದೇ ಕರೆದರು, ಬೇರೆ ಮಾತು ಬಳಸಲಿಲ್ಲ.

ಪ್ರತಾಪಕುಮಾರಿಯವರ ವಿಷಯದಲ್ಲಿ ಆಗಿರುವುದು ನೇರವಾದ ತಪ್ಪು. ಕಾಠಿಯಾವಾಡದಿಂದ ಬಂದು 1900ರಲ್ಲಿ ನಾಲ್ವಡಿಯವರ ಕೈಹಿಡಿದ ಅವರಿಗೆ ಮೈಸೂರಿನಲ್ಲಿ ಲಕ್ಷ್ಮೀವಿಲಾಸ ಸನ್ನಿಧಾನ ಎಂದು ಹೆಸರಾಯಿತು. ಚಾಮುಂಡಿ ಬೆಟ್ಟದ ಪೀಠದ ಮೇಲಿರುವ ಲಕ್ಷ್ಮೀವಿಲಾಸದವರು ಬೇರೆ, ಇವರು ಬೇರೆ. ಅದೇ ಸನ್ನಿಧಾನ ಎರಡು ತಲೆಮಾರಿನ ನಂತರ ಇನ್ನೊಬ್ಬ ಮಹಾರಾಣಿಗೆ ಬಂದಿದೆ. ಕೈಪಿಡಿಯ ಒಂದು ಚಿತ್ರದ ಕೆಳಗೆ ಈ ಇಬ್ಬರನ್ನೂ ಕಲಸಿಬಿಟ್ಟಿದ್ದಾರೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಪ್ರತಾಪಕುಮಾರಿಯವರಿಗೆ ಮಕ್ಕಳಿರಲಿಲ್ಲ. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡಾಗ ಪಟ್ಟಕ್ಕೆ ಬಂದವರು ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗ ಜಯಚಾಮರಾಜೇಂದ್ರರು. ಯುವರಾಜರು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ತೀರಿಕೊಂಡಿದ್ದರು. ಇನ್ನು ಐದು ತಿಂಗಳು ಬದುಕಿದ್ದರೆ ಅವರೇ ಮಹಾರಾಜರಾಗುತ್ತಿದ್ದರು. ಹಾಗಾಗದೆ, ಅರಸನ ತಂದೆಯಾಗಿಯೂ ಚರಿತ್ರೆಯಲ್ಲಿ ಎಂದೆಂದಿಗೂ ಯುವರಾಜರಾಗಿಯೇ ಉಳಿದರು. ಜಯಚಾಮರಾಜೇಂದ್ರರ ಹೆತ್ತ ತಾಯಿ ಕೆಂಪುಚೆಲುವಾಜಮ್ಮಣ್ಣಿಯವರೂ ಯುವರಾಣಿಯೇ ಹೊರತು ಮಹಾರಾಣಿಯಾಗಿದ್ದವರಲ್ಲ. ಒಟ್ಟಿನಲ್ಲಿ 1940ರ ಮೈಸೂರಿನಲ್ಲಿ ಹಿಂದಿನ ಅರಸರ ಪತ್ನಿಯೇ ಒಬ್ಬರು, ಹೊಸ ಅರಸರ ತಾಯಿಯೇ ಇನ್ನೊಬ್ಬರು. ಮೊದಲನೆಯವರನ್ನು ರಾಜಮಾತೆ ಎಂದರೆ ಎರಡನೆಯವರ ಸ್ಥಾನವನ್ನು ಕಿತ್ತುಕೊಂಡಂತಾಗುತ್ತದೆ. ಕೈಪಿಡಿಯಲ್ಲಿ ಯುವರಾಣಿಯವರ ಹೆಸರೇ ಇಲ್ಲ.

ಇಲ್ಲಿ ಮಾರ್ಗದರ್ಶಕಿ ಕೊಟ್ಟ ಹೋಲಿಕೆ ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. 1837ರಲ್ಲಿ ಇಂಗ್ಲೆಂಡಿನ ನಾಲ್ಕನೆಯ ವಿಲಿಯಂ ತೀರಿಕೊಂಡಾಗ ಬದುಕುಳಿದ ಮಕ್ಕಳಿಲ್ಲದ ಪತ್ನಿ ಅಡಿಲೇಡ್ ಉಳಿದರು. ಪಟ್ಟ ಹೋದದ್ದು ತಮ್ಮನ ಮಗಳು ವಿಕ್ಟೋರಿಯಾಗೆ. ಆ ತಮ್ಮ, ಕೆಂಟ್‌ನ ಡ್ಯೂಕ್ ಎಡ್ವರ್ಡ್, 1820ರಲ್ಲಿಯೇ ತೀರಿಕೊಂಡಿದ್ದರು. ವಿಕ್ಟೋರಿಯಾರ ತಾಯಿ ಎಂದೂ ರಾಣಿಯಾಗಿರಲಿಲ್ಲವಾದ್ದರಿಂದ ಮಗಳು ಸಿಂಹಾಸನದ ಮೇಲಿದ್ದರೂ ಅವರು ಕೆಂಟ್‌ನ ಡಚೆಸ್ ಆಗಿಯೇ ಉಳಿದರು. ಅಡಿಲೇಡ್ ಅವರು ಕ್ವೀನ್ ಡೋವೆಜರ್, ಎಂದರೆ ತೀರಿಕೊಂಡ ಅರಸನ ಪತ್ನಿಯಾದ ರಾಣಿ, ಎನಿಸಿಕೊಂಡರು. ಮೈಸೂರಿನ 1940ರ ಸ್ಥಿತಿ ಇದರ ಪಡಿಯಚ್ಚು. ಅರಸನ ಪತ್ನಿಯಾಗಿದ್ದುದು ಒಂದು, ಅರಸನ ತಾಯಿಯಾಗಿರುವುದು ಇನ್ನೊಂದು. ಎರಡೂ ಒಬ್ಬರಲ್ಲಿಯೇ ಕೂಡಿದಾಗ ಮಾತ್ರ ವಾಣಿವಿಲಾಸದವರಂತಹ ಅಥವಾ ಕ್ವೀನ್ ಮದರ್ ಅವರಂತಹ ಸಂದರ್ಭ ಒದಗುತ್ತದೆ. ಇದನ್ನು ಬೆಟ್ಟದ ಮೇಲಿನ ಕಟ್ಟೆಯ ಮೇಲೆ ಕುಳಿತು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅವರು ವಿವರಿಸಿದ ರೀತಿ ಚೊಕ್ಕವಾಗಿತ್ತು. ಇಷ್ಟನ್ನು ಒಂದು ಪುಟದ ವಂಶವೃಕ್ಷವಾಗಿ ಬರೆದು ಕೈಪಿಡಿಯಲ್ಲಿ ಹಾಕಿದ್ದರೆ ಪುಸ್ತಿಕೆಯ ಅರ್ಧ ದೋಷ ತಾನಾಗಿಯೇ ಹೋಗುತ್ತಿತ್ತು.

ಕೈಪಿಡಿಯ ಪರವಾಗಿ ಹೇಳಬಹುದಾದ ಮಾತೂ ಒಂದುಂಟು. ಉತ್ತರದ ಸಂಸ್ಥಾನಗಳಲ್ಲಿ ರಾಜಮಾತೆ ಎಂಬುದು ಸಡಿಲವಾಗಿಯೇ ಬಳಕೆಯಾಗಿದೆ. ಜೈಪುರದಲ್ಲಿ 1970ರಲ್ಲಿ ಪಟ್ಟಕ್ಕೆ ಬಂದ ಭವಾನಿಸಿಂಗ್ ಅವರು ಗಾಯತ್ರೀದೇವಿಯವರ ಹೆತ್ತ ಮಗನಲ್ಲ, ಮೊದಲ ಮಹಾರಾಣಿಯ ಮಗ. ಆದರೂ ಗಾಯತ್ರೀದೇವಿಯವರು ದೇಶಕ್ಕೆಲ್ಲ ರಾಜಮಾತೆಯೇ. ಆದರೆ ಅಲ್ಲಿ ಮಲತಾಯಿ ಎಂಬ ಸಂಬಂಧವಾದರೂ ಇತ್ತು. ಮೈಸೂರಿನಲ್ಲಿ ಪ್ರತಾಪಕುಮಾರಿಯವರು ಹೊಸ ಅರಸರಿಗೆ ದೊಡ್ಡಮ್ಮ. ಮೈಸೂರಿಗೆ ತನ್ನದೇ ಸನ್ನಿಧಾನದ ರೂಢಿ ಇರುವಾಗ, ಬೇರೆ ಸಂಸ್ಥಾನದ ಸಡಿಲ ಬಳಕೆಯನ್ನು ತಂದು ಇಲ್ಲಿಯವರಿಗೆಲ್ಲ ಹಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಯ ಭಾಗ ಇಂದಿನ ಕಾಲದ್ದು. ಇದನ್ನು ತಂಡ ಅವಸರದಲ್ಲಿ ಮುಗಿಸುತ್ತದೆ, ಬಹುಶಃ ಬದುಕಿರುವವರ ಬಗ್ಗೆ ಮಾತನಾಡುವ ಸಂಕೋಚದಿಂದ. ಸಂಕೋಚ ಅರ್ಥವಾಗುವಂಥದ್ದು, ಆದರೆ ವಿಷಯದ ದೃಷ್ಟಿಯಿಂದ ಈ ಭಾಗವೇನೂ ಬಡವಾದದ್ದಲ್ಲ. 1971ರ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜಧನದ ಜೊತೆಗೆ ಅರಸರಿಗಿದ್ದ ಸರ್ಕಾರಿ ಮಾನ್ಯತೆಯೂ ಹೋಯಿತು. ಆಮೇಲಿನ ಬಿರುದುಗಳೆಲ್ಲ ಮನೆತನದ ಮತ್ತು ಜನರ ರೂಢಿಯಿಂದ ನಡೆಯುವಂಥವು, ಕಾನೂನಿನ ಬಲದಿಂದಲ್ಲ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡಾಗ ಅವರಿಗೆ ಮಕ್ಕಳಿರಲಿಲ್ಲ. 2014ರ ದಸರೆಯ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಪೂಜಿಸಲಾಯಿತು. 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ತೆಗೆದುಕೊಂಡರು, ಮೇ 28ರಂದು ಪಟ್ಟಾಭಿಷೇಕವಾಯಿತು. ಗಂಡನನ್ನು ಕಳೆದುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ, ಪಟ್ಟದಲ್ಲಿ ಯಾರೂ ಇಲ್ಲದ ಮನೆತನದ ಹಿರಿಯರಾಗಿ ಅವರು ನಿಂತಿದ್ದರು. ತಾಯಿಯ ಸ್ಥಾನ ಬಂದದ್ದು ದತ್ತುವಿನಿಂದ. ಜನ ಪ್ರೀತಿಯಿಂದ ಅವರನ್ನು ರಾಜಮಾತೆ ಎನ್ನುತ್ತಾರೆ. ಕನ್ನಡ ಪತ್ರಿಕೆಗಳು ಹೆಚ್ಚಾಗಿ ರಾಜವಂಶಸ್ಥೆ ಎಂದು ಬರೆಯುತ್ತವೆ. ಕಾನೂನಿಗೂ ಮರ್ಯಾದೆಗೂ ಒಗ್ಗುವ ಆ ಮಾತನ್ನು ಯಾವ ಪತ್ರಿಕಾ ಕಚೇರಿಯಲ್ಲಿ ಯಾರು ಮೊದಲು ರೂಢಿಗೆ ತಂದರೋ, ಅವರಿಗೆ ಒಂದು ನಮಸ್ಕಾರ ಹೇಳಬೇಕು. ಮಾರ್ಗದರ್ಶಕಿ ಇದನ್ನೆಲ್ಲ ನಾಲ್ಕು ಮಾತಿನಲ್ಲಿ ಮುಗಿಸಿ, ಪ್ರಶ್ನೆ ಕೇಳಿದವರಿಗೆ "ಅದು ಮನೆತನದ ವಿಷಯ ಸಾರ್" ಎಂದುಬಿಟ್ಟರು. ಮನೆತನದ ಖಾಸಗಿ ವಿಷಯವನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ಬಿರುದಿನ ಬಗ್ಗೆ ಮಾತ್ರ. 750 ರೂಪಾಯಿ ತೆಗೆದುಕೊಂಡ ಮೇಲೆ ಇಷ್ಟಕ್ಕೆ ಉತ್ತರ ಕೊಡಬೇಕಿತ್ತು.

ವ್ಯವಸ್ಥೆಯ ಬಗ್ಗೆ ಕೆಲವು ಮಾತು. ಜಗನ್ಮೋಹನ ಅರಮನೆಯ ಕಲಾಶಾಲೆ ಅಷ್ಟು ಹೊತ್ತಿಗೆ ತೆರೆದಿರುವುದಿಲ್ಲ, ಆದ್ದರಿಂದ ಅಲ್ಲಿಯ ವಿವರಣೆಯೆಲ್ಲ ಹೊರಗೆ ನಿಂತೇ ಕೇಳಬೇಕು. ಒಳಗೆ ಹೋಗಬೇಕೆಂದರೆ ಆಮೇಲೆ ಬೇರೆ ಟಿಕೆಟ್ ತೆಗೆದುಕೊಂಡು ಹೋಗಬೇಕು. ಹೊರಡುವ ಮೊದಲೇ ಇದನ್ನು ತಿಳಿಸಿದ್ದರೆ ಒಳ್ಳೆಯದಿತ್ತು. ಬೆಟ್ಟದಲ್ಲಿ ವಿಶೇಷ ದರ್ಶನದ ಟಿಕೆಟ್ ಶುಲ್ಕದಲ್ಲಿ ಸೇರಿಲ್ಲ. ಮಂಗಳವಾರ, ಶುಕ್ರವಾರ, ಆಷಾಢ ಮಾಸ, ದಸರೆಯ ದಿನಗಳಲ್ಲಿ ಹೋದರೆ ಮೂರ್ತಿಗಳ ಪೀಠವನ್ನು ನೋಡುವ ಆಸೆಯನ್ನು ಬಿಡುವುದೇ ಮೇಲು. ಮೊದಲ ಅರ್ಧದಲ್ಲಿ ಕುಳಿತುಕೊಳ್ಳಲು ಎಲ್ಲಿಯೂ ಜಾಗವಿಲ್ಲ, ಶೌಚಾಲಯದ ಅನುಕೂಲ ತಿಂಡಿಯ ಹೋಟೆಲಿನಲ್ಲಿ ಮಾತ್ರ. ಮಂಡಿನೋವಿನವರು ನೇರವಾಗಿ ಹೋಟೆಲಿಗೆ ಬಂದು ಗುಂಪನ್ನು ಕೂಡಿಕೊಳ್ಳಬಹುದೇ ಎಂದು ಕೇಳಿನೋಡಲಿ, ನಮ್ಮ ಗುಂಪಿನ ಅಜ್ಜಿಯ ಮಗಳಿಗೆ ಹಾಗೆ ಒಪ್ಪಿಗೆ ಸಿಕ್ಕಿತ್ತು.

ಐದಕ್ಕೆ ಅಂಕ ಕೊಡುವುದಾದರೆ ಮಾರ್ಗದರ್ಶನಕ್ಕೆ ನಾಲ್ಕೂವರೆ, ಕೈಪಿಡಿಗೆ ಒಂದು, ವ್ಯವಸ್ಥೆಗೆ ಮೂರು. ತಂಡದವರು ಇಂಗ್ಲಿಷ್ ಗುಂಪು ಮತ್ತು ಕನ್ನಡ ಗುಂಪು ಎಂದು ಎರಡು ನಡೆಸುತ್ತಾರೆ. ಇಂಗ್ಲಿಷ್ ಗುಂಪಿನ ಮಾತುಗಾರಿಕೆ ಕೈಪಿಡಿಯನ್ನೇ ಅನುಸರಿಸುತ್ತದೆ ಎಂದು ಅದರಲ್ಲಿ ಹೋಗಿಬಂದ ಪರಿಚಯದವರು ಹೇಳಿದರು. ಆದ್ದರಿಂದ ಕಾಯಬೇಕಾದರೂ ಕನ್ನಡದ ಗುಂಪಿಗೇ ಹೆಸರು ಕೊಡುವುದು ಒಳ್ಳೆಯದು, ಅದು ಭಾನುವಾರಗಳಲ್ಲಿ ಮಾತ್ರ ಹೊರಡುತ್ತದೆ.